ಪೊದೆ, ಪೊರಕೆ ಮತ್ತು ಬಿಯೆಲ್ಸಾ

"ಆಟಗಾರನಾಗಿ ಅವನು ಕಡಿದು ಕಟ್ಟೆ ಹಾಕಿದ್ದು ಏನಪ್ಪಾ?" ಅಂತ ಸೀನ ಕೆಣಕಿದ. ಮಾತು ಅರ್ಜೆಂಟೀನಾದ ಫುಟ್‌ಬಾಲ್ ಕೋಚ್ ಮಾರ್ಸೆಲೋ ಬಿಯೆಲ್ಸಾನದು.

ಗಿರೀಶ, ಬಿಯೆಲ್ಸಾ ಕೋಚ್ ಆಗಿದ್ದ ಇಂಗ್ಲೆಂಡಿನ ಲೀಡ್ಸ್ ಯುನೈಟೆಡ್ ಕ್ಲಬ್ಬಿನ ಭಕ್ತ. ಸುಮ್ಮನಿದ್ದಾನೆಯೇ? "ಏನೂ ಇಲ್ಲ ಕಣೋ. ರೊಸಾರಿಯೋದ ನ್ಯೂಯೆಲ್ಸ್ ಕ್ಲಬ್ಬಲ್ಲಿ ಡಿಫೆಂಡರ್ ಆಗಿದ್ದ. 25ಕ್ಕೇ ಬೂಟು ಬಿಚ್ಚಿಟ್ಟ. ಈಗ ಅದೇ ಕ್ಲಬ್ಬಿನ ಸ್ಟೇಡಿಯಮ್ಮಿಗೆ ಅವನ ಹೆಸರು. ನೀನೂ ಕಾಲೇಜಲ್ಲಿ ಡಿಫೆಂಡರ್ರೇ ಅಲ್ವಾ, ನಿನ್ನ ಹೆಸರು ಎಲ್ಲಿದೆ?"

"ಕ್ಯಾಂಟೀನಿನ ಸಾಲದ ಪುಸ್ತಕದಲ್ಲಿ."

ಫುಟ್‌ಬಾಲಿನ ಗಂಧಗಾಳಿ ಇಲ್ಲದ ಮೂರ್ತಿಗಳು ಕನ್ನಡಕ ಸರಿಮಾಡಿಕೊಂಡರು. "ಮನೆಯವರು ಬೈಯಲಿಲ್ವೇನಯ್ಯಾ?"

"ತಾತ ಕಾನೂನು ಪಂಡಿತ. ಅಣ್ಣ ಮುಂದೆ ವಿದೇಶಾಂಗ ಮಂತ್ರಿಯಾದ. ಇವನು ಮಾತ್ರ ಹುಡುಗರನ್ನ ಹುಡುಕಿಕೊಂಡು ಊರೂರು ಅಲೆದ. ಮರ್ಫಿ ಅನ್ನೋ ಸಣ್ಣ ಊರಲ್ಲಿ ನಡುರಾತ್ರಿ ಒಂದು ಮನೆ ಬಾಗಿಲು ತಟ್ಟಿದರು, ಇವನೂ ಇನ್ನೊಬ್ಬ ಕೋಚೂ. ಹುಡುಗ ನಿದ್ದೆಯಲ್ಲಿದ್ದ. ಕಾಲು ನೋಡಿದರು, ಒಪ್ಪಿದರು. ಆ ಹುಡುಗನೇ ಮುಂದೆ ದೊಡ್ಡ ಆಟಗಾರ, ಕೋಚ್ ಆದ ಪೊಚೆಟಿನೋ."

"ಹೆಣ್ಣು ನೋಡೋಕೆ ಹೋದವರೂ ಉಪ್ಪಿಟ್ಟು ತಿನ್ನೋವರೆಗೆ ಕಾಯ್ತಾರಪ್ಪ!" ಎಂದರು ಮೂರ್ತಿಗಳು.

ಸೀನ ಬಿಡಲಿಲ್ಲ. "2002ರ ವಿಶ್ವಕಪ್ಪಲ್ಲಿ ಅರ್ಜೆಂಟೀನಾನ ಗ್ರೂಪ್ ಹಂತದಲ್ಲೇ ಮನೆಗೆ ಕರೆತಂದ. 2016ರಲ್ಲಿ ಇಟಲಿಯ ಲಾಜಿಯೋ ಕ್ಲಬ್ ಸೇರಿ ಎರಡೇ ದಿನಕ್ಕೆ ರಾಜೀನಾಮೆ!"

"2004ರ ಒಲಿಂಪಿಕ್ಸ್ ಚಿನ್ನ ನಿಮ್ಮಪ್ಪ ತಂದರಾ?"

ಇಷ್ಟು ಹೊತ್ತಿಗೆ ಇಬ್ಬರ ದನಿಯೂ ಏರಿತ್ತು. ಸಮಾಧಾನಕ್ಕೆ ಅಂತ ನಾನೇ ಕಸದ ಕಥೆ ತೆಗೆದೆ. ಲೀಡ್ಸಿಗೆ ಬಂದ ಹೊಸದರಲ್ಲಿ ಬಿಯೆಲ್ಸಾ, ಒಬ್ಬ ಸಾಮಾನ್ಯ ಅಭಿಮಾನಿ ಟಿಕೆಟ್ಟಿಗೆ ಎಷ್ಟು ಹೊತ್ತು ದುಡಿಯಬೇಕು ಅಂತ ಲೆಕ್ಕ ಹಾಕಿಸಿದ. ಮೂರು ಗಂಟೆ ಅಂತ ಬಂತು. ಸರಿ, ಲಕ್ಷಗಟ್ಟಲೆ ಸಂಬಳದ ಆಟಗಾರರಿಂದ ಮೂರು ಗಂಟೆ ಕಸ ಹೆಕ್ಕಿಸಿದ. ನನ್ನ ಕೇಳಿದರೆ ಇದು ಯಾವ ಕಪ್ಪಿಗೂ ಕಮ್ಮಿಯಲ್ಲ.

"ಮನೇಲಿ ದಿನಾ ಕಸ ಹಾಕೋನು ನಾನೇ. ನನ್ನನ್ನ ಯಾರೂ ಕೋಚ್ ಮಾಡಲಿಲ್ಲ" ಎಂದ ಸೀನ. "ಪೊದೆ ವಿಷಯ ಹೇಳೋ ಮೊದಲು."

ಗಿರೀಶ ಗಂಟಲು ಸರಿಮಾಡಿಕೊಂಡ. 2019ರ ಜನವರಿ. ಎದುರಾಳಿ ಡರ್ಬಿ ತಂಡದ ಅಭ್ಯಾಸವನ್ನ ಪೊದೆಯ ಮರೆಯಿಂದ ಇಣುಕುತ್ತಿದ್ದ ಲೀಡ್ಸ್ ಸಿಬ್ಬಂದಿಯೊಬ್ಬ ಸಿಕ್ಕಿಬಿದ್ದ. ಪೊಲೀಸರೂ ಬಂದರು. ಬಿಯೆಲ್ಸಾ ಜಾರಿಕೊಳ್ಳಲಿಲ್ಲ. ಪತ್ರಕರ್ತರನ್ನ ಕೂಡಿಸಿಕೊಂಡು, ಪವರ್‌ಪಾಯಿಂಟ್ ಹಾಕಿ, ಈ ಸೀಸನ್ನಿನ ಎಲ್ಲ ಎದುರಾಳಿಗಳನ್ನೂ ಹೀಗೇ ನೋಡಿಸಿದ್ದೇನೆ ಅಂತ ಪಾಠ ಮಾಡಿದ. ಕ್ಲಬ್ಬಿಗೆ 2 ಲಕ್ಷ ಪೌಂಡ್ ದಂಡ ಬಿತ್ತು. ಅದನ್ನ ತನ್ನ ಜೇಬಿಂದಲೇ ಕಟ್ಟಿದ.

"ಕಳ್ಳನೋ ಸತ್ಯಹರಿಶ್ಚಂದ್ರನೋ?" ಮೂರ್ತಿಗಳಿಗೆ ದಿಗಿಲು.

"ಇನ್ನೂ ಕೇಳಿ. ಅದೇ ಏಪ್ರಿಲಲ್ಲಿ ಆಸ್ಟನ್ ವಿಲ್ಲಾ ಮೇಲೆ ಮ್ಯಾಚು. ಎದುರಾಳಿ ಒಬ್ಬ ಪೆಟ್ಟಾಗಿ ಬಿದ್ದಿದ್ದಾಗ ಲೀಡ್ಸ್ ಗೋಲ್ ಹೊಡೀತು. ಜಗಳವೋ ಜಗಳ. ಬಿಯೆಲ್ಸಾ ದಡದಲ್ಲಿ ನಿಂತು, ಅವರಿಗೂ ಒಂದು ಗೋಲ್ ಬಿಟ್ಟುಕೊಡಿ ಅಂತ ಕಿರುಚಿದ. ಎಲ್ಲರೂ ಸರಿದು ನಿಂತರು. ಯಾನ್ಸನ್ ಅನ್ನೋ ಡಿಫೆಂಡರ್ ಮಾತ್ರ ತಡೆಯೋಕೆ ಓಡಿದ."

"ಅವನು ಬುದ್ಧಿವಂತ" ಎಂದರು ಮೂರ್ತಿಗಳು ಥಟ್ಟನೆ.

"ಆಮೇಲೆ ಮೇಲಿನ ಲೀಗಿಗೆ ಹತ್ತೋ ಪ್ಲೇ-ಆಫಲ್ಲಿ ಏನಾಯ್ತು ಅಂತಲೂ ಹೇಳು" ಅಂದ ಸೀನ, ಮೀಸೆಯೊಳಗೇ ನಗುತ್ತಾ.

ಗಿರೀಶ ಕಾಫಿಗೆ ಬಾಯಿಟ್ಟ. "ಸೆಮಿಫೈನಲಲ್ಲಿ ಸೋತರು."

"ಯಾರ ಕೈಲಿ?"

"...ಡರ್ಬಿ."

ನಾವು ನಕ್ಕು ಮುಗಿಸುವಷ್ಟರಲ್ಲಿ ಗಿರೀಶ ಮೇಜು ಗುದ್ದಿದ. "2020ರಲ್ಲಿ 16 ವರ್ಷದ ಮೇಲೆ ಪ್ರೀಮಿಯರ್ ಲೀಗಿಗೆ ಹತ್ತಿಸಿದ್ದೂ ಅವನೇ!"

"ಅದಿರಲಿ, ಆ ಪೊದೆಯವನು ಪಾಪ" ಎಂದರು ಮೂರ್ತಿಗಳು. "ಎಷ್ಟು ಸೊಳ್ಳೆ ಕಚ್ಚಿರಬೇಕು."

"ಸಾರ್, ಇಂಗ್ಲೆಂಡು, ಜನವರಿ. ಸೊಳ್ಳೆ ಎಲ್ಲಿಂದ ಬರುತ್ತೆ?"

"ಹಾಗಾದ್ರೆ ನೆಗಡಿ ಆಗಿರುತ್ತೆ ಬಿಡು."