ಒಂದೇ ವೈಫೈ, ಆದರೂ ಫೋನಿಗೆ ಲ್ಯಾಪ್‌ಟಾಪ್ ಕಾಣುವುದಿಲ್ಲ

ಪ್ರಶ್ನೆ (ಉಡುಪಿ): ಸರ್, ನಮ್ಮೂರಿನ ಯಕ್ಷಗಾನದ ಆಟವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿದ್ದೇನೆ. ಇಡೀ ರಾತ್ರಿಯದ್ದಲ್ಲ, ಕೊನೆಯ ಭಾಗ ಮಾತ್ರ, ಆದರೂ ಫೈಲ್ 9 ಜಿಬಿ ಉಂಟು. ಅದನ್ನು ವಿಂಡೋಸ್ ಲ್ಯಾಪ್‌ಟಾಪಿಗೆ ಹಾಕಿ, ಭಾಗವತರಿಗೆ ಪೆನ್‌ಡ್ರೈವ್‌ನಲ್ಲಿ ಕೊಡಬೇಕು. ಫೈಲ್ ಕಳಿಸಲು ಎರಡರಲ್ಲೂ ಲೋಕಲ್‌ಸೆಂಡ್ ಆ್ಯಪ್ ಹಾಕಿದ್ದೇನೆ, ಎರಡೂ ಮನೆಯ ವೈಫೈಯಲ್ಲೇ ಇವೆ, ಆದರೆ ಒಂದಕ್ಕೊಂದು ಕಾಣುವುದೇ ಇಲ್ಲ. ಕೆಲವೊಮ್ಮೆ ಕಾಣುತ್ತದೆ, ಮತ್ತೆ ಮಾಯ. ಮೊದಲು ಶೇರ್‌ಇಟ್ ಇದ್ದಾಗ ಇಂಥ ತಲೆಬಿಸಿ ಇರಲಿಲ್ಲ. ಅಂಗಡಿಯಲ್ಲಿ ಕೇಳಿದರೆ ಲ್ಯಾಪ್‌ಟಾಪಿನ ವೈಫೈ ಕಾರ್ಡ್ ಬದಲಿಸಬೇಕು ಎಂದರು. ಹೌದಾ?

ಉತ್ತರ: ಕಾರ್ಡ್ ಬದಲಿಸಬೇಡಿ ಮಾರಾಯ್ರೆ. ಅದೇ ಕಾರ್ಡಿನಲ್ಲಿ ಇಂಟರ್‌ನೆಟ್ ಸರಿಯಾಗಿ ಬರುತ್ತಿದೆ ಅಲ್ವಾ? ಮತ್ತೆ ಕಾರ್ಡಿಗೇನಾಗಿದೆ?

ಇಂಥ ದೂರು ಬಂದರೆ ನಾನು ಮೊದಲು ನೋಡುವುದು ಒಂದೇ. ಕಾಣುವುದಿಲ್ಲವೋ, ಕಂಡರೂ ಹೋಗುವುದಿಲ್ಲವೋ? ಇವೆರಡೂ ಬೇರೆ ಬೇರೆ ಕಾಯಿಲೆ. ನಿಮ್ಮದು ಕಾಣದ ಕಾಯಿಲೆ. ಶೇರ್‌ಇಟ್ ಆಗ ಸಲೀಸಾಗಿ ಓಡುತ್ತಿದ್ದುದಕ್ಕೂ ಕಾರಣ ಉಂಟು. ಅದು ಫೋನಿನಲ್ಲೇ ಹಾಟ್‌ಸ್ಪಾಟ್ ಮಾಡಿಕೊಳ್ಳುತ್ತಿತ್ತು, ಮನೆಯ ರೂಟರಿನ ಹಂಗಿರಲಿಲ್ಲ. 2020ರ ಜೂನ್‌ನಲ್ಲಿ ಸರ್ಕಾರ 59 ಆ್ಯಪ್ ನಿಷೇಧಿಸಿತಲ್ಲ, ಅದರಲ್ಲಿ ಶೇರ್‌ಇಟ್, ಝೆಂಡರ್ ಎರಡೂ ಹೋದವು. ಈಗ ಎಲ್ಲಿಂದಲೋ ಅದರ ಎಪಿಕೆ (ಇನ್‌ಸ್ಟಾಲ್ ಫೈಲ್) ಹುಡುಕಿ ಹಾಕಿಕೊಳ್ಳಬೇಡಿ. ಲೋಕಲ್‌ಸೆಂಡ್ ಒಳ್ಳೆಯದೇ, ಜಾಹೀರಾತು ಇಲ್ಲ, ಇಂಟರ್‌ನೆಟ್ಟೂ ಬೇಡ. ಆದರೆ ಎರಡೂ ಒಂದೇ ನೆಟ್‌ವರ್ಕಿನಲ್ಲಿ ಇರಲೇಬೇಕು.

ಎರಡು ವಿಷಯ ಹೇಳಿ. ಮನೆಯಲ್ಲಿ ಎಷ್ಟು ರೂಟರ್ ಉಂಟು? ಯಾವಾಗ ಕಾಣುತ್ತದೆ, ಯಾವಾಗ ಇಲ್ಲ?

ಪ್ರಶ್ನೆ ಕೇಳಿದವರು: ಎರಡು ರೂಟರ್ ಸರ್. ಹಳೆಯ ಮನೆ, ಮುರಕಲ್ಲಿನ ದಪ್ಪ ಗೋಡೆ, ಮೇಲಿನ ಕೋಣೆಗೆ ಸಿಗ್ನಲ್ ಬರುತ್ತಿರಲಿಲ್ಲ. ಹಾಗಾಗಿ ಕೆಳಗಿನಿಂದ ಕೇಬಲ್ ಎಳೆದು ಮೇಲೆ ಇನ್ನೊಂದು ಇಟ್ಟಿದ್ದೇವೆ. ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್. ಚಾವಡಿಯಲ್ಲಿ ಎರಡನ್ನೂ ಇಟ್ಟುಕೊಂಡು ಕೂತರೆ ಕಾಣುತ್ತದೆ. ಲ್ಯಾಪ್‌ಟಾಪ್ ಮೇಲಿದ್ದರೆ ಇಲ್ಲ.

ಉತ್ತರ: ಅಲ್ಲೇ ಉಂಟು ನೋಡಿ. ಹೆಸರು ಒಂದೇ, ನೆಟ್‌ವರ್ಕ್ ಎರಡು.

ಕೆಳಗಿನಿಂದ ಬಂದ ಕೇಬಲನ್ನು ಮೇಲಿನ ರೂಟರಿನ ವ್ಯಾನ್ (WAN) ಪೋರ್ಟಿಗೆ, ಅಂದರೆ ಇಂಟರ್‌ನೆಟ್ ಒಳಬರುವ ಕಿಂಡಿಗೆ ಚುಚ್ಚಿರುತ್ತಾರೆ, ಬಣ್ಣ ಬೇರೆ ಇರುತ್ತದಲ್ಲ, ಅದಕ್ಕೆ. ಹಾಗೆ ಚುಚ್ಚಿದರೆ ಮೇಲಿನ ರೂಟರ್ ತನ್ನದೇ ಬೇರೆ ಸಂಸಾರ ಹೂಡುತ್ತದೆ. ಇಂಟರ್‌ನೆಟ್ ಎರಡೂ ಕಡೆ ಬರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಖಾತ್ರಿ ಮಾಡಿಕೊಳ್ಳಿ. ಫೋನಿನ ವೈಫೈ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ನೆಟ್‌ವರ್ಕಿನ ಹೆಸರು ಒತ್ತಿದರೆ ಐಪಿ ಅಡ್ರೆಸ್, ಅಂದರೆ ನೆಟ್‌ವರ್ಕಿನಲ್ಲಿ ಅದರ ವಿಳಾಸದ ಸಂಖ್ಯೆ ಸಿಗುತ್ತದೆ. ಲ್ಯಾಪ್‌ಟಾಪಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆಗೆದು ipconfig ಎಂದು ಟೈಪ್ ಮಾಡಿ ಎಂಟರ್ ಕೊಡಿ. ಒಂದು 192.168.1 ಎಂದು ಶುರುವಾಗಿ ಇನ್ನೊಂದು 192.168.0 ಎಂದು ಶುರುವಾದರೆ, ಎರಡೂ ಬೇರೆ ಬೇರೆ ಮನೆಯಲ್ಲಿ ಇದ್ದಂತೆಯೇ ಲೆಕ್ಕ.

ಸರಿ ಮಾಡುವುದು ಕಷ್ಟವಿಲ್ಲ. ಮೇಲಿನ ರೂಟರಿನ ಸೆಟ್ಟಿಂಗ್ಸ್ ಪುಟದಲ್ಲಿ ಆ್ಯಕ್ಸೆಸ್ ಪಾಯಿಂಟ್ ಮೋಡ್ (ಕೆಳಗಿನ ನೆಟ್‌ವರ್ಕನ್ನೇ ಮೇಲೂ ಹರಡುವ ಮೋಡ್) ಇದ್ದರೆ ಅದನ್ನು ಆರಿಸಿ, ರೀಸ್ಟಾರ್ಟ್ ಮಾಡಿ, ಮುಗಿಯಿತು. ಹಳೆಯ ರೂಟರಿನಲ್ಲಿ ಆ ಮೋಡ್ ಇಲ್ಲದಿದ್ದರೆ, ಮೊದಲು ಅದರ ಸ್ವಂತ ಐಪಿಯನ್ನು ಕೆಳಗಿನದರ ಜೊತೆ ಡಿಕ್ಕಿಯಾಗದ ಹಾಗೆ ಬದಲಿಸಿ, ಡಿಎಚ್‌ಸಿಪಿ (ಸಾಧನಗಳಿಗೆ ಐಪಿ ಹಂಚುವ ಕೆಲಸ) ಆಫ್ ಮಾಡಿ, ಆಮೇಲೆ ಕೇಬಲನ್ನು ವ್ಯಾನ್‌ನಿಂದ ತೆಗೆದು ಲ್ಯಾನ್ (LAN) ಪೋರ್ಟಿಗೆ ಹಾಕಿ. ಇದೇ ಕ್ರಮದಲ್ಲಿ ಮಾಡಿ, ತಿರುವು ಮುರುವು ಮಾಡಿದರೆ ಮನೆಯ ಇಂಟರ್‌ನೆಟ್ಟೇ ನಿಂತು ಮನೆಯವರ ಬೈಗಳು ಬೇರೆ.

ಅದಾದ ಮೇಲೂ ಕಾಣದಿದ್ದರೆ ವಿಂಡೋಸ್‌ನಲ್ಲಿ ಆ ವೈಫೈಯ ಪ್ರಾಪರ್ಟೀಸ್ ನೋಡಿ. ಪಬ್ಲಿಕ್ ಎಂದಿದ್ದರೆ ಪ್ರೈವೇಟ್ ಮಾಡಿ. ಪಬ್ಲಿಕ್ ಇದ್ದಾಗ ಫೈರ್‌ವಾಲ್ ಹೊರಗಿನವರನ್ನು ಬಾಗಿಲಲ್ಲೇ ತಡೆಯುತ್ತದೆ. ಮನೆಯಲ್ಲಿ ಮಾತ್ರ ಪ್ರೈವೇಟ್ ಮಾಡಿ, ಬಸ್‌ಸ್ಟ್ಯಾಂಡ್, ಲಾಡ್ಜ್ ವೈಫೈಯಲ್ಲಿ ಬೇಡ. ವಿಪಿಎನ್ ಆನ್ ಇದ್ದರೆ ಅದನ್ನೂ ಆಫ್ ಮಾಡಿ ನೋಡಿ.

ಪ್ರಶ್ನೆ (ಮಣಿಪಾಲ, ಹಾಸ್ಟೆಲ್): ಅಣ್ಣ, ನಮ್ಮಲ್ಲಿ ಒಂದೇ ವೈಫೈ, ಪ್ರೈವೇಟೂ ಮಾಡಿದ್ದೇನೆ, ಆದರೂ ಪಕ್ಕದಲ್ಲೇ ಇರುವ ಲ್ಯಾಪ್‌ಟಾಪ್ ಕಾಣುವುದಿಲ್ಲ.

ಉತ್ತರ: ಹಾಸ್ಟೆಲ್, ಹೋಟೆಲ್‌ಗಳಲ್ಲಿ ಸಾಧಾರಣವಾಗಿ ಒಬ್ಬರ ಸಾಧನ ಇನ್ನೊಬ್ಬರಿಗೆ ಕಾಣದಂತೆ ಬೇಕೆಂದೇ ತಡೆ ಹಾಕಿರುತ್ತಾರೆ. ಕ್ಲೈಂಟ್ ಐಸೊಲೇಶನ್ ಎನ್ನುತ್ತಾರೆ. ಅದು ನಿಮ್ಮ ಒಳ್ಳೆಯದಕ್ಕೇ. ನೀವು ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿ, ಲ್ಯಾಪ್‌ಟಾಪನ್ನು ಅದಕ್ಕೆ ಸೇರಿಸಿ ಕಳಿಸಿ. ಫೈಲ್ ಹೋಗಲು ಡೇಟಾ ಖರ್ಚಾಗುವುದಿಲ್ಲ. ಆದರೆ ಮೊಬೈಲ್ ಡೇಟಾ ಆಫ್ ಮಾಡಿಯೇ ಕೂತುಕೊಳ್ಳಿ, ಇಲ್ಲದಿದ್ದರೆ ಆ ಸಮಯ ನೋಡಿಯೇ ವಿಂಡೋಸ್ ಅಪ್‌ಡೇಟ್ ಶುರುವಾಗಿ ದಿನದ ಡೇಟಾ ಖಾಲಿ.

ಪ್ರಶ್ನೆ (ಮಂಗಳೂರು): ನನ್ನದು ಐಫೋನ್, ಲ್ಯಾಪ್‌ಟಾಪ್ ವಿಂಡೋಸ್. ಏರ್‌ಡ್ರಾಪ್‌ನಲ್ಲಿ ಲ್ಯಾಪ್‌ಟಾಪ್ ಬರುವುದಿಲ್ಲ. ಲೋಕಲ್‌ಸೆಂಡ್ ಹಾಕಿದರೂ ಖಾಲಿ ಪರದೆ.

ಉತ್ತರ: ಅಕ್ಕ, ಏರ್‌ಡ್ರಾಪ್ ವಿಂಡೋಸ್‌ಗೆ ಬರುವುದಿಲ್ಲ, ಅದರಲ್ಲಿ ಹುಡುಕಬೇಡಿ. ಲೋಕಲ್‌ಸೆಂಡ್ ಖಾಲಿ ಇದ್ದರೆ ಲೋಕಲ್ ನೆಟ್‌ವರ್ಕ್ ಅನುಮತಿ ನೋಡಿ. ಐಒಎಸ್ 14ರಿಂದ ಲೋಕಲ್ ನೆಟ್‌ವರ್ಕ್ ಬಳಸುವ ಆ್ಯಪ್‌ಗಳು ಇದನ್ನು ಕೇಳುತ್ತವೆ, ನಾವು ಓದದೆ ಬೇಡ ಎಂದು ಒತ್ತಿರುತ್ತೇವೆ. ಸೆಟ್ಟಿಂಗ್ಸ್‌ನ ಪ್ರೈವಸಿ ವಿಭಾಗದಲ್ಲಿ ಅದನ್ನು ಆನ್ ಮಾಡಿ. ಫೋಟೋ ಹೋದ ಮೇಲೆ ತೆರೆಯದಿದ್ದರೆ ಅದು ಎಚ್‌ಇಐಸಿ (ಐಫೋನ್ ಫೋಟೋ ಉಳಿಸುವ ಫಾರ್ಮ್ಯಾಟ್) ತಕರಾರು. ಕ್ಯಾಮೆರಾ ಸೆಟ್ಟಿಂಗ್ಸ್‌ನ ಫಾರ್ಮ್ಯಾಟ್ಸ್‌ನಲ್ಲಿ ಮೋಸ್ಟ್ ಕಂಪ್ಯಾಟಿಬಲ್ ಇಡಿ, ಮುಂದೆ ತೆಗೆಯುವ ಫೋಟೋ ಜೆಪೆಗ್ ಆಗಿ ಬರುತ್ತದೆ.

ಮೊದಲು ಕೇಳಿದವರು (ಉಡುಪಿ): ಸರ್, ಆ್ಯಕ್ಸೆಸ್ ಪಾಯಿಂಟ್ ಮಾಡಿದೆ, ಮೇಲಿಂದಲೂ ಕಾಣುತ್ತದೆ, ಫೈಲ್ ಬಂತು! ಆದರೆ ನಿಧಾನ. ನಮ್ಮದು 100 ಎಂಬಿಪಿಎಸ್ ಪ್ಲಾನ್, ಮತ್ತೆ ಎಂತಕ್ಕೆ? ಇನ್ನೊಂದು, ಪೆನ್‌ಡ್ರೈವ್‌ಗೆ ಕಾಪಿ ಮಾಡಿದರೆ ಫೈಲ್ ದೊಡ್ಡದು ಎನ್ನುತ್ತದೆ. 32 ಜಿಬಿ ಪೆನ್‌ಡ್ರೈವ್, ಪೂರ್ತಿ ಖಾಲಿ ಉಂಟು.

ಉತ್ತರ: ಪ್ಲಾನಿಗೂ ಇದಕ್ಕೂ ಸಂಬಂಧವೇ ಇಲ್ಲ, ಫೈಲ್ ಮನೆಯಿಂದ ಹೊರಗೇ ಹೋಗುವುದಿಲ್ಲ. ಫೋನಿನಿಂದ ರೂಟರಿಗೆ, ರೂಟರಿನಿಂದ ಲ್ಯಾಪ್‌ಟಾಪಿಗೆ, ಹೀಗೆ ಗಾಳಿಯಲ್ಲಿ ಎರಡು ಸಲ ಹಾಯುತ್ತದೆ. ಹಾಗಾಗಿ ಲ್ಯಾಪ್‌ಟಾಪನ್ನು ರೂಟರಿಗೆ ಲ್ಯಾನ್ ಕೇಬಲ್‌ನಲ್ಲಿ ಜೋಡಿಸಿದರೆ ವೇಗದ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಫೋನನ್ನು ರೂಟರಿನ 5 ಗಿಗಾಹರ್ಟ್ಸ್ ವೈಫೈಗೆ ಹಾಕಿ, ರೂಟರ್ ಇರುವ ಕೋಣೆಯಲ್ಲೇ ಕೂತುಕೊಳ್ಳಿ, ಮುರಕಲ್ಲಿನ ಗೋಡೆ ದಾಟಲು ಅದಕ್ಕೆ ತ್ರಾಣವಿಲ್ಲ. ಯಾರೋ ಬ್ಲೂಟೂತ್‌ನಲ್ಲಿ ಕಳಿಸಿ ಎಂದಾರು, ಅದರಲ್ಲಿ 1 ಜಿಬಿಗೇ ಗಂಟೆಗಿಂತ ಜಾಸ್ತಿ ಬೇಕು.

ನಿಮ್ಮ ಪೆನ್‌ಡ್ರೈವ್ ಬಹುಶಃ ಫ್ಯಾಟ್32 ಎಂಬ ಫಾರ್ಮ್ಯಾಟಿನಲ್ಲಿ ಉಂಟು. ಅದರಲ್ಲಿ ಜಾಗ ಎಷ್ಟೇ ಇರಲಿ, 4 ಜಿಬಿಗಿಂತ ದೊಡ್ಡ ಒಂದೇ ಫೈಲ್ ಹಿಡಿಯುವುದಿಲ್ಲ. ರೈಟ್ ಕ್ಲಿಕ್ ಮಾಡಿ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ. ಭಾಗವತರು ಹಳೆಯ ಟಿವಿಗೆ ಚುಚ್ಚಿ ನೋಡುವವರಾ ಎಂದು ಮೊದಲು ಕೇಳಿಕೊಳ್ಳಿ. ಕೆಲವು ಟಿವಿಗಳು ಎಕ್ಸ್‌ಫ್ಯಾಟ್ ಓದುವುದಿಲ್ಲ. ಹಾಗಾದರೆ ಫ್ಯಾಟ್32 ಹಾಗೆಯೇ ಇರಲಿ, ವಿಡಿಯೋವನ್ನೇ ಮೂರು ತುಂಡು ಮಾಡಿ ಹಾಕಿಕೊಡಿ.