ಪದ ಬೇಕು: ಹೊಳೆಗೆ ಚಾಚಿದ ಹಲಗೆಯ ಕಟ್ಟೋಣಕ್ಕೆ ಏನೆನ್ನುವುದು?

ಎಲ್ಲರಿಗೂ ನಮಸ್ಕಾರ. ಶನಿವಾರ ಸಂಜೆಯೊಳಗೆ ಒಂದು ಪದ ಬೇಕಾಗಿದೆ.

ಕಾಸರಗೋಡಿನ ನಾವು ಏಳೆಂಟು ಮಂದಿ ಲುವಾಂಟಿ ಎಂಬ ಕಂಪ್ಯೂಟರ್ ಆಟದಲ್ಲಿ (2024ರವರೆಗೆ ಮೈನ್‌ಟೆಸ್ಟ್ ಎನ್ನುತ್ತಿದ್ದ ಅದೇ ಬ್ಲಾಕುಗಳ ಲೋಕ) ಚಂದ್ರಗಿರಿ ಹೊಳೆಯನ್ನೂ ಕೋಟೆಯನ್ನೂ ಕಟ್ಟುತ್ತಿದ್ದೇವೆ. ಕೋಟೆ ಮುಗಿಯಿತು. ಈಗ ಅದರ ಕೆಳಗೆ ದಡದಿಂದ ನೀರಿಗೆ ಹನ್ನೆರಡು ಬ್ಲಾಕ್, ಎಂದರೆ ಹನ್ನೆರಡು ಮೀಟರ್, ಚಾಚಿದ ಮರದ ಕಟ್ಟೋಣ, ತುದಿಯಲ್ಲಿ ದೋಣಿ. ಆ ಲೋಕದಲ್ಲಿ ಬುಡವಿಲ್ಲದಿದ್ದರೆ ಬೀಳುವುದು ಮರಳು, ಜಲ್ಲಿಯಂಥವು ಮಾತ್ರ. ಹಲಗೆ ಗಾಳಿಯಲ್ಲೂ ನಿಲ್ಲುತ್ತದೆ. ಆದರೂ ನಮ್ಮೊಳಗಿನ ಬಡಗಿಯ ಮಗನೊಬ್ಬ ಹೊಳೆಯ ತಳದವರೆಗೆ ಕಂಬ ಇಳಿಸದೆ ಒಂದು ಹಲಗೆ ಇಡಲೂ ಬಿಡಲಿಲ್ಲ.

ಅದರ ಬಾಯಲ್ಲಿ ಫಲಕ ನಿಲ್ಲಿಸಬೇಕು. ಸದ್ಯ 'ಜೆಟ್ಟಿ' ಎಂದಿದೆ. ಕನ್ನಡದ್ದೊಂದು ಕೊಡಿ. ಒಂದು ತೊಡಕು: ನಮ್ಮ ಫಲಕದಲ್ಲಿ ಒತ್ತು ಕೆಳಗಿಳಿಯದೆ ಪಕ್ಕದಲ್ಲೇ ನಿಂತು ಅಕ್ಷರ ಒಡೆದು ಕಾಣುತ್ತದೆ.

ಕುಂಬಳೆಯಿಂದ:
ಬಂದರು. ಇದಕ್ಕೂ ಚರ್ಚೆಯೇ?

ಮಂಜೇಶ್ವರದಿಂದ:
ಮಾಸ್ತರರೇ, ಬಂದರಿಗೆ ಹಡಗು ಬರಬೇಕು. ಹನ್ನೆರಡು ಮೀಟರ್ ಹಲಗೆಯನ್ನು ಬಂದರು ಎಂದರೆ ಕಟ್ಟಿದ ದೋಣಿಯೂ ನಾಚೀತು. ಮೇಲಾಗಿ ಅದು ಪಾರಸಿ. ಮಂಗಳೂರಿನ ಮೀನುಗಾರರ ಬಾಯಲ್ಲಿರುವುದು ಧಕ್ಕೆ; ಅದನ್ನೇ ಬರೆಯಿರಿ.

ಕುಂಬಳೆಯಿಂದ:
ಪಾರಸಿ ಬೇಡವೆಂದು ಮರಾಠಿಗೆ ಹೋದಿರಿ, ಸಂತೋಷ. ಮುಂಬಯಿಯ 'ಭಾವೂಚಾ ಧಕ್ಕಾ' ಕೇಳಿಲ್ಲವೇ? ದೋಣಿ ಹತ್ತಲು ಬಂದವನ ಎದುರು 'ಧಕ್ಕೆ' ಎಂದು ಬರೆದರೆ ಅವನು ಯಾವುದಕ್ಕೆ ಧಕ್ಕೆ ಎಂದು ಕೇಳಿಯಾನು. ಒತ್ತು ಬೇಡವೆಂದು ಕೇಳಿದವರಿಗೆ ಒತ್ತು ಕೊಟ್ಟದ್ದು ಬೇರೆ.

ಮುಳ್ಳೇರಿಯದಿಂದ:
ಕಡವು. ದೋಣಿಯಲ್ಲಿ ಹೊಳೆ ದಾಟುವ ಜಾಗಕ್ಕೆ ನಮ್ಮ ಹಿರಿಯರು ಬೇರೆ ಪದ ಹುಡುಕಲಿಲ್ಲ. ತುಳುವಿನಲ್ಲಿ ಕಡಪುನಿ ಎಂದರೆ ದಾಟುವುದು. ಬೇರು ಅಲ್ಲೇ ಕಾಣುತ್ತದೆ. ನಿಘಂಟು ತೆರೆಯುವ ಮೊದಲು ಹೊಳೆಬದಿಗೆ ಹೋಗಿ ಬನ್ನಿ.

ಮಂಜೇಶ್ವರದಿಂದ:
ಕಡವು ಮಲಯಾಳ. ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ಇಲ್ಲಿ ಬೋರ್ಡಿನ ಕನ್ನಡಕ್ಕಾಗಿ ಬಡಿದಾಡುತ್ತಿದ್ದೇವೆ. ಯಾರ ಒತ್ತಾಯವೂ ಇಲ್ಲದ ಆಟದಲ್ಲಿ ನಾವಾಗಿಯೇ ಮಲಯಾಳ ಬರೆಯುವುದೇ? ಅದೂ ಅಲ್ಲದೆ ಕಡವು ಜಾಗದ ಹೆಸರು, ಕಟ್ಟೋಣದ್ದಲ್ಲ.

ಮುಳ್ಳೇರಿಯದಿಂದ:
ಅವರೂ ಆಡುತ್ತಾರೆ ಎಂಬ ಕಾರಣಕ್ಕೆ ಬಿಡುವುದಾದರೆ ಮರ, ಕಲ್ಲು, ಕಣ್ಣು ಎಲ್ಲವನ್ನೂ ಗಡಿಯಾಚೆ ಕೊಟ್ಟು ಬರಬೇಕಾಗುತ್ತದೆ. ಒಂದೇ ತಾಯಿಬೇರಿನ ಪದ ಎರಡು ಮನೆಯಲ್ಲಿದ್ದರೆ ಅದು ಸಾಲವಲ್ಲ, ಪಾಲು. ಸಾಲ ತಂದದ್ದು ನೀವು, ಮುಂಬಯಿಯಿಂದ. ಇನ್ನು ಜಾಗ, ಕಟ್ಟೋಣ ಎಂಬ ವಾದ: ಬಸ್ಸು ನಿಲ್ಲುವ ಜಾಗಕ್ಕೂ ಅಲ್ಲಿ ಕಟ್ಟಿದ ಮಾಡಿಗೂ ನಿಲ್ದಾಣ ಎಂಬ ಒಂದೇ ಪದ ಸಾಲುತ್ತಿದೆಯಲ್ಲ, ಅಲ್ಲಿ ಯಾರೂ ದಾರಿ ತಪ್ಪಿಲ್ಲ.

ಮಂಜೇಶ್ವರದಿಂದ:
ಪಾಲು ಕೇಳಿದವರ ಗತಿ ನಮಗೆ ಗೊತ್ತಿದೆ. ನನ್ನ ಕಡೆಯಿಂದ ಇಷ್ಟೇ.

ಕೇಳಿದವನ ಉತ್ತರ:
ಎಲ್ಲರಿಗೂ ಉಪಕಾರವಾಯಿತು. ಧಕ್ಕೆಯನ್ನು ಬರೆದು ನೋಡಿದೆ. ಒತ್ತು ಹೊರಗೆ ಬಂದು ಕ, ಕೆ ಎಂದು ಎರಡು ಅಕ್ಷರ ನಿಂತವು, ಓದಿದವನಿಗೆ ಬಿಕ್ಕಳಿಕೆ ಬಂದಂತಿತ್ತು. ಕಡವು ಮೂರೂ ಅಕ್ಷರ ನೆಟ್ಟಗೆ ಮೂಡಿತು, ಅದನ್ನೇ ನಿಲ್ಲಿಸಿದ್ದೇನೆ. ಜೊತೆಯ ಮಲಯಾಳದ ಹುಡುಗ ತನ್ನ 'ಜೆಟ್ಟಿ' ಫಲಕವನ್ನು ಕಿತ್ತು ಅವನ ಲಿಪಿಯಲ್ಲಿ ಅದನ್ನೇ ಬರೆದ. ಮಂಜೇಶ್ವರದವರು ಮುನಿಯಬಾರದು.

ತುದಿಯಲ್ಲಿ ದೋಣಿ ಕಟ್ಟುವುದಕ್ಕೆ 'ಗೂಟ' ಎಂದು ನಾನೇ ಬರೆದುಕೊಂಡೆ. ಅದರ ಬೇರು ಯಾರೂ ಹುಡುಕಬೇಡಿ.