ಮನೆಯಲ್ಲೇ ಮಕ್ಕಳ ಪಾಲನೆ: ವರ್ಷ ತುಂಬದ ಕೂಸುಗಳಿಂದ ಆರಂಭಿಸಬೇಕೇ?

ಮೈಸೂರಿನ ಗೃಹಿಣಿ: ನರ್ಸರಿ ಶಾಲೆಯ ಕೆಲಸ ಬಿಟ್ಟ ಮೇಲೆ, ಉದ್ಯೋಗಸ್ಥ ತಾಯಂದಿರ ಮಕ್ಕಳನ್ನು ಕುವೆಂಪುನಗರದ ನಮ್ಮ ಮನೆಯಲ್ಲೇ ಹಗಲು ಹೊತ್ತು ನೋಡಿಕೊಂಡು ಸಂಪಾದಿಸಬೇಕೆಂದಿದ್ದೇನೆ. ಈಗಾಗಲೇ ಕೇಳಿಕೊಂಡು ಬಂದಿರುವ ಮೂರು ಮನೆಯವರದೂ ವರ್ಷ ತುಂಬದ ಕೂಸುಗಳು. ನನಗೆ ಅನುಭವವಿರುವುದು ಮೂರು ವರ್ಷ ದಾಟಿದ ಮಕ್ಕಳೊಡನೆ. ಮೂವರನ್ನೂ ಒಪ್ಪಿಕೊಳ್ಳಬಹುದೇ? ಮನೆಯಲ್ಲಿ ಅತ್ತೆಯವರಿದ್ದಾರೆ.

ಹುಬ್ಬಳ್ಳಿಯ ಪಾಲಕಿ: ಒಪ್ಪಿಕೊಳ್ಳಿ ಮೇಡಂ. 2017ರ ತಿದ್ದುಪಡಿಯ ನಂತರ ಹೆರಿಗೆ ರಜೆ 26 ವಾರಗಳಾಗಿದೆ, ಆದರೆ ಅದರಲ್ಲಿ 8 ವಾರಗಳನ್ನು ಹೆರಿಗೆಗೆ ಮೊದಲೇ ತೆಗೆದುಕೊಂಡವರು ಮಗುವಿಗೆ ನಾಲ್ಕು ತಿಂಗಳು ತುಂಬುವಷ್ಟರಲ್ಲಿ ಕಚೇರಿಗೆ ಮರಳಬೇಕಾಗುತ್ತದೆ. 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆ ಶಿಶುಪಾಲನಾ ಕೇಂದ್ರ ಒದಗಿಸಬೇಕೆಂಬ ನಿಯಮ ಸಣ್ಣ ಕಚೇರಿಗಳ ಹೆಣ್ಣುಮಕ್ಕಳಿಗೆ ಯಾವ ಉಪಯೋಗಕ್ಕೂ ಬರುವುದಿಲ್ಲ. ಅವರೇ ನಮ್ಮನ್ನು ಹುಡುಕಿಕೊಂಡು ಬರುವುದು. ಎರಡೂವರೆ ವರ್ಷವಾದರೆ ಮಗು ಪ್ಲೇಹೋಮಿಗೆ ಸೇರುತ್ತದೆ. ಕೂಸುಗಳನ್ನು ಬೇಡವೆಂದರೆ ಈ ಕೆಲಸದಲ್ಲಿ ಉಳಿಯುವುದೇನು?

ಇಂಗ್ಲೆಂಡಿನ ಕನ್ನಡಿಗ: ಬೇಡಿಕೆಯಿದೆ ಎಂಬುದು ಸಾಮರ್ಥ್ಯಕ್ಕೆ ಪುರಾವೆಯಲ್ಲ. ಇಲ್ಲಿ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಒಬ್ಬರು, ಸಾಮಾನ್ಯವಾಗಿ, ಎಂಟು ವರ್ಷದೊಳಗಿನ 6 ಮಕ್ಕಳನ್ನು ಮಾತ್ರ ಇಟ್ಟುಕೊಳ್ಳಬಹುದು. ಅವರಲ್ಲಿ ಐದರೊಳಗಿನವರು 3, ಒಂದು ವರ್ಷದೊಳಗಿನದು ಒಂದೇ ಕೂಸು. ಸ್ವಂತ ಮಕ್ಕಳೂ ಈ ಲೆಕ್ಕಕ್ಕೆ ಸೇರುತ್ತಾರೆ. ಆರಂಭಿಸುವ ಮುನ್ನ ಮಕ್ಕಳ ಪ್ರಥಮ ಚಿಕಿತ್ಸೆಯಲ್ಲಿ 12 ಗಂಟೆಗಳ ತರಬೇತಿ ಪಡೆಯಬೇಕು, ಮನೆಯಲ್ಲಿರುವ 16 ವರ್ಷ ದಾಟಿದವರೆಲ್ಲರ ಹಿನ್ನೆಲೆಯ ತಪಾಸಣೆಯೂ ನಡೆಯುತ್ತದೆ. ಅತ್ತೆಯವರನ್ನು ಸಹಾಯಕಿ ಎಂದು ಎಣಿಸುವುದಾದರೆ, ಅಳುವ ಕೂಸನ್ನು ಎತ್ತಿಕೊಂಡು ಮೆಟ್ಟಿಲಿಳಿಯಲು ಅವರಿಂದಾಗುತ್ತದೆಯೇ ಎಂದು ಮೊದಲು ಕೇಳಿಕೊಳ್ಳಬೇಕು.

ಹುಬ್ಬಳ್ಳಿಯ ಪಾಲಕಿ: ಅಲ್ಲಿ ಶುಲ್ಕದ ಒಂದು ಭಾಗವನ್ನು ಸರ್ಕಾರ ಭರಿಸುತ್ತದೆ, ಇಲ್ಲಿ ಪೂರ್ತಿ ಹೊರೆ ತಾಯಿಯ ಸಂಬಳದ ಮೇಲೆ. ಒಂದೇ ಕೂಸಿಟ್ಟುಕೊಂಡು ಆಯಾಳ ಸಂಬಳ ಕೊಡಲಾಗದು. ನಮ್ಮದೇ 2018ರ ಕೇಂದ್ರ ಮಾರ್ಗಸೂಚಿ ಮೂರು ವರ್ಷದೊಳಗಿನ 10 ಮಕ್ಕಳಿಗೆ ಒಬ್ಬ ಪಾಲಕಿ ಎನ್ನುತ್ತದೆ.

ಬೆಂಗಳೂರಿನ ತಾಯಿ: ಆ ಮಾರ್ಗಸೂಚಿ ಸಂಸ್ಥೆಗಳು ನಡೆಸುವ ಕೇಂದ್ರಗಳಿಗೆ ಬರೆದದ್ದು, ಕುಕ್ಕರ್ ಕೂಗುವ, ಬಾಗಿಲ ಗಂಟೆ ಬಾರಿಸುವ ಮನೆಯಲ್ಲಿ ಒಬ್ಬಂಟಿಯಾಗಿ ಕೆಲಸ ಮಾಡುವವರಿಗೆ ಅದನ್ನು ಅನ್ವಯಿಸಬಾರದು. ಮಗುವನ್ನು ಬಿಟ್ಟುಹೋಗುವವಳಾಗಿ ನಾನು ನೋಡುವುದು ಸಂಪಿನ ಮುಚ್ಚಳ, ಬಚ್ಚಲುಮನೆಯ ಚಿಲಕ, ಹಗಲಲ್ಲಿ ಯಾರ್‍ಯಾರು ಬಂದುಹೋಗುತ್ತಾರೆ ಎಂಬುದನ್ನು. ಗಂಟಲಿಗೆ ಏನಾದರೂ ಸಿಕ್ಕಿ ಉಸಿರು ಕಟ್ಟಿದ ಕೂಸನ್ನು ಮುಂಗೈ ಮೇಲೆ ತಲೆ ಕೆಳಗಾಗುವಂತೆ ಬೋರಲು ಮಲಗಿಸಿ ಬೆನ್ನಿಗೆ ಐದು ಪೆಟ್ಟು, ಅದು ಫಲಿಸದಿದ್ದರೆ ಅಂಗಾತ ತಿರುಗಿಸಿ ಎದೆಯ ನಡುವೆ ಐದು ಸಲ ಒತ್ತಬೇಕೆಂಬುದು ಗೊತ್ತಿಲ್ಲದವರ ಬಳಿ, ಅವರೆಷ್ಟೇ ಪ್ರೀತಿಯವರಾಗಿರಲಿ, ನಾನು ಬಿಡಲಾರೆ. ರೆಡ್‌ಕ್ರಾಸ್ ಮತ್ತು ಸೇಂಟ್ ಜಾನ್ ಆಂಬುಲೆನ್ಸ್ ಸಂಸ್ಥೆಗಳು ಪ್ರಥಮ ಚಿಕಿತ್ಸೆಯನ್ನು ಕಲಿಸುತ್ತವೆ. ವರ್ಷದೊಳಗಿನ ಕೂಸಿಗೆ ಜೇನುತುಪ್ಪ ನೆಕ್ಕಿಸಬಾರದೆಂಬುದನ್ನು ಅತ್ತೆಯವರಿಗೂ ಹೇಳಿ. ಆ ಜಗಳ ಪ್ರತಿ ಮನೆಯಲ್ಲೂ ಆಗುತ್ತದೆ!

ಲೆಕ್ಕ ಬರೆಯುವವ: ಹಣದ ಮಾತನ್ನು ಮುಲಾಜಿಲ್ಲದೆ ಬರಹದಲ್ಲಿಡಿ. ತಿಂಗಳ ಶುಲ್ಕ ಮುಂಗಡ, ಮಗು ರಜೆ ಹಾಕಿದರೂ ಕಡಿತವಿಲ್ಲ, ಸಂಜೆ ತಡವಾದರೆ ಇಷ್ಟು, ಜ್ವರವಿದ್ದ ದಿನ ಕರೆತರುವಂತಿಲ್ಲ, ಕರೆದೊಯ್ಯಲು ಬರಬಹುದಾದವರು ಇಂಥವರು. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆಯೂ ಬೇಕು.

ಮೈಸೂರಿನ ಗೃಹಿಣಿ: ಮನೆ ಸ್ವಂತದ್ದು, ನೆಲಮಹಡಿಯದು, ಆದ್ದರಿಂದ ಮೆಟ್ಟಿಲ ಚಿಂತೆಯಿಲ್ಲ, ಆದರೆ ಅತ್ತೆಯವರಿಗೆ ಮಂಡಿನೋವು, ಅವರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಪ್ರಥಮ ಚಿಕಿತ್ಸೆ ಕಲಿತ ಮೇಲೆ ಒಂದೇ ಕೂಸನ್ನೂ, ಶಾಲೆ ಮುಗಿಸಿ ಬರುವ ಇಬ್ಬರು ದೊಡ್ಡ ಮಕ್ಕಳನ್ನೂ ತೆಗೆದುಕೊಳ್ಳುತ್ತೇನೆ. ಉಳಿದ ಎರಡು ಮನೆಯವರಿಗೆ ಇಂದೇ ತಿಳಿಸುತ್ತೇನೆ.

ಹುಬ್ಬಳ್ಳಿಯ ಪಾಲಕಿ: ನಿಮ್ಮಿಷ್ಟ. ಆದರೆ ಆ ಒಂದು ಕೂಸಿನ ಶುಲ್ಕವನ್ನು ದೊಡ್ಡ ಮಕ್ಕಳ ಶುಲ್ಕಕ್ಕೆ ಸಮನಾಗಿ ಇಡಬೇಡಿ. ದಿನದ ಮುಕ್ಕಾಲು ಪಾಲು ಅದರ ಹಿಂದೆಯೇ ಹೋಗುತ್ತದೆ.